ಚೀಟಿಯಲ್ಲಿ ಬರೀ ‘ಕೂಲಿ’: ಕೆಲಸ, ಕಾಯಿಲೆ ಮತ್ತು ಒಂದು ಸಣ್ಣ ಅನುದಾನ

ಕೆಮ್ಮು, ಏದುಸಿರು ಎಂದು ಆಸ್ಪತ್ರೆಗೆ ಬಂದವರ ಹೊರರೋಗಿ ಚೀಟಿಯನ್ನು ಒಮ್ಮೆ ಗಮನಿಸಿ. ಹೆಸರು, ವಯಸ್ಸು, ಊರು ಇರುತ್ತವೆ. ಉದ್ಯೋಗ ಎಂಬಲ್ಲಿ ‘ಕೂಲಿ’ ಎಂದಿರುತ್ತದೆ, ಇಲ್ಲವೇ ಖಾಲಿ ಬಿಟ್ಟಿರುತ್ತಾರೆ. ಚಾಮರಾಜನಗರದ ಪಕ್ಕದ ಹರದನಹಳ್ಳಿಯ ಸೀಮೆಯಲ್ಲಿ ಅರಿಶಿನದ ಹೊಲದಲ್ಲಿ ಕಳೆ ತೆಗೆಯುವುದೂ ಕೂಲಿ, ಕಬ್ಬು ಕಡಿಯುವುದೂ ಕೂಲಿ, ಕರಿಕಲ್ಲಿನ ಕ್ವಾರಿಯಲ್ಲಿ ಕಲ್ಲು ಕೊರೆಯುವುದೂ, ಜಲ್ಲಿ ಕ್ರಷರಿನ ಬಳಿ ದಿನವಿಡೀ ನಿಲ್ಲುವುದೂ ಕೂಲಿಯೇ. ಆದರೆ ಈ ನಾಲ್ವರ ಶ್ವಾಸಕೋಶಗಳಿಗೆ ಎದುರಾಗುವ ಅಪಾಯ ಒಂದೇ ಅಲ್ಲ.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ಕೆಲಸಗಾರರ ಕಾಯಿಲೆಗಳ ಬಗ್ಗೆ 1700ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ‘ನೀನು ಮಾಡುವ ಕೆಲಸ ಯಾವುದು?’ ಎಂಬುದನ್ನೂ ಸೇರಿಸಬೇಕೆಂದು ಆತ ವೈದ್ಯರಿಗೆ ಹೇಳಿದ್ದ. ಮುನ್ನೂರು ವರ್ಷ ದಾಟಿದರೂ ಆ ಪ್ರಶ್ನೆಯನ್ನು ಕೇಳಲು ನಮಗೆ ಪುರಸೊತ್ತಾಗಿಲ್ಲ.

ಇದನ್ನು ಕೇಳಿ, ಉತ್ತರವನ್ನು ಲೆಕ್ಕಕ್ಕೆ ತರಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎಂ.ಬಿ.ಬಿ.ಎಸ್. ಮತ್ತು ದಂತವೈದ್ಯ ವಿದ್ಯಾರ್ಥಿಗಳಿಗಾಗಿ 1979ರಲ್ಲಿ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವೇತನವನ್ನು ಆರಂಭಿಸಿತು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಕಾಲೇಜುಗಳ ಸಂಶೋಧನೆಗೆ ಅನುದಾನ ನೀಡುತ್ತ ಬಂದಿದೆ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ನಿಮ್ಮ ಮನೆಯಲ್ಲಿ ವೈದ್ಯಕೀಯ ಓದುವ ಮಗಳೋ ಮಗನೋ ಇದ್ದರೆ, ಅರ್ಜಿ ಹಾಕುವ ಮಾತು ಒಂದಲ್ಲ ಒಂದು ದಿನ ಊಟದ ಹೊತ್ತಿನಲ್ಲಿ ಬಂದೇ ಬರುತ್ತದೆ. ಆಯಾ ವರ್ಷದ ನಿಯಮ, ಮೊತ್ತ, ಕೊನೆಯ ದಿನಾಂಕಗಳನ್ನು ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಇಲ್ಲಿ ಹೇಳಹೊರಟಿರುವುದು ಅರ್ಜಿಯ ಒಳಗೆ ಏನಿರಬೇಕು ಎಂಬುದನ್ನು.

ಸಾಮಾನ್ಯವಾಗಿ ಅರ್ಜಿ ಬೀಳುವುದು ತಲೆಬರಹದಲ್ಲೇ. ‘ಚಾಮರಾಜನಗರ ಜಿಲ್ಲೆಯ ಕಲ್ಲು ಕಾರ್ಮಿಕರ ಆರೋಗ್ಯ ಸ್ಥಿತಿ’ ಎಂದು ಬರೆದರೆ ಅದು ಒಂದು ಇಲಾಖೆ ಹತ್ತು ವರ್ಷ ಮಾಡುವ ಕೆಲಸವಾಯಿತು. ಅದರ ಬದಲು ಹೀಗೆ ಕೇಳಬಹುದು: ಹರದನಹಳ್ಳಿ ಹೋಬಳಿಯಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಕಲ್ಲಿನ ಕೆಲಸ ಮಾಡಿದ ಗಂಡಸರ ಉಸಿರಿನ ಬಲವು ಅದೇ ಊರುಗಳ, ಅದೇ ವಯಸ್ಸಿನ ಬೇಸಾಯಗಾರರಿಗಿಂತ ಕಡಿಮೆಯಿದೆಯೇ? ಇದಕ್ಕೆ ಬೇಕಾದ್ದು ಒಂದು ಪ್ರಶ್ನಾವಳಿ, ಬಾಯಿಂದ ಊದಿಸಿ ಅಳೆಯುವ ಸ್ಪೈರೋಮೀಟರ್ ಮತ್ತು ಊರೂರು ತಿರುಗುವ ತಾಳ್ಮೆ. ದಿನಕ್ಕೆ ಐದು ಜನರಂತೆ ನಲವತ್ತು ದಿನಕ್ಕೆ ಇನ್ನೂರು ಜನ. ಎರಡು ತಿಂಗಳಿಗೆ ಅಷ್ಟು ಸಾಕು. ಬೀಡಿ ಸೇದುವವರನ್ನು ಬೀಡಿ ಸೇದುವವರ ಜೊತೆಗೇ ಹೋಲಿಸಬೇಕು ಎಂಬುದನ್ನು ಮರೆತರೆ ಮಾತ್ರ ಲೆಕ್ಕವೆಲ್ಲ ಹೊಗೆಯಾಗುತ್ತದೆ.

ಕಲ್ಲು ಯಾವುದು?

ಹರದನಹಳ್ಳಿಗೆ ಕಲ್ಲಿನ ಕೆಲಸ ಹೊಸದಲ್ಲ. ಎಡೆಯೂರು ಸಿದ್ಧಲಿಂಗೇಶ್ವರರ ಹುಟ್ಟೂರೆಂದು ಹೆಸರಾದ ಈ ಊರಿನ ದಿವ್ಯಲಿಂಗೇಶ್ವರ ದೇವಾಲಯವನ್ನು ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಉಳಿಯ ಜಾಗಕ್ಕೆ ಯಂತ್ರ ಬಂದ ಮೇಲೆ ಧೂಳು ಹೆಚ್ಚಿತು, ನುಣುಪಾಯಿತು. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲುಗಳಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕಣ. ಅದರಲ್ಲಿ ಸ್ಫಟಿಕ ರೂಪದ ಸಿಲಿಕಾ ಇದ್ದರೆ ಕಾಲಕ್ರಮೇಣ ಶ್ವಾಸಕೋಶದಲ್ಲಿ ಗಂಟುಗಳೆದ್ದು, ಅದು ನಾರುಗಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ. ಇದು ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಕ್ಷಕಿರಣ ಚಿತ್ರದಲ್ಲಿ ಎರಡೂ ಒಂದೇ ತರಹ ಕಂಡು, ಕ್ಷಯವಿಲ್ಲದವರೂ ಕ್ಷಯದ ಮಾತ್ರೆ ನುಂಗುವುದುಂಟು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹೊರದೇಶಗಳವರೆಗೂ ಹೆಸರು ಮಾಡಿದ ಚಾಮರಾಜನಗರದ ಕರಿಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟ್ ಎನ್ನುತ್ತಾರೆಯೇ ಹೊರತು ಭೂವಿಜ್ಞಾನದ ಪ್ರಕಾರ ಅದು ಗ್ರಾನೈಟ್ ಅಲ್ಲ, ಡಾಲರೈಟ್ ಜಾತಿಯ ಶಿಲೆ. ಅದರಲ್ಲಿ ಸ್ಫಟಿಕದ ಅಂಶ ಬಹಳ ಕಡಿಮೆ. ನಿಜವಾದ ಗ್ರಾನೈಟಿನಲ್ಲಿ ಐದನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಸ್ಫಟಿಕವಿರುತ್ತದೆ. ಜಲ್ಲಿಗೆ ಒಡೆಯುವ ಬೂದು ಬಣ್ಣದ ಕಲ್ಲುಗಳಲ್ಲೂ ಅದು ಧಾರಾಳ. ಹಾಗಾಗಿ ಕರಿಕಲ್ಲು ಕೊರೆಯುವವನಿಗಿಂತ ಕ್ರಷರಿನ ಬಳಿ ನಿಲ್ಲುವವನಿಗೆ ಸಿಲಿಕೋಸಿಸ್ ಭಯ ಹೆಚ್ಚಿರಬಹುದು. ಕರಿಕಲ್ಲಿನವನಿಗೆ ಅಪಾಯವೇ ಇಲ್ಲವೆಂದಲ್ಲ. ಕಿವಿಯೂ ಕೈ ನರಗಳೂ ಯಂತ್ರದ ಸದ್ದು, ಅದುರಿಗೆ ಸವೆಯುತ್ತವೆ, ಯಾವ ಧೂಳಾದರೂ ಕೆಮ್ಮು ತರುತ್ತದೆ. ಆದರೆ ‘ಕಲ್ಲು ಕಾರ್ಮಿಕರು’ ಎಂದು ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿದ ಅರ್ಜಿಯನ್ನು ಬಲ್ಲವರು ಬದಿಗಿಡುತ್ತಾರೆ. ಯಾವ ಕಲ್ಲು, ಎಷ್ಟು ವರ್ಷ, ನೀರು ಚಿಮುಕಿಸುತ್ತಾರೋ ಇಲ್ಲವೋ, ಇಷ್ಟನ್ನಾದರೂ ಪ್ರಶ್ನಾವಳಿ ಕೇಳಬೇಕು. ಧೂಳನ್ನು ಅಳೆಯುವ ಉಪಕರಣ ಎಲ್ಲ ಕಾಲೇಜಿನಲ್ಲೂ ಸಿಗದು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅರ್ಜಿ ಬರೆಯುವ ಮೊದಲೇ ಅಲ್ಲಿಯವರ ಸಲಹೆ ಕೇಳುವುದು ಒಳ್ಳೆಯದು.

ಹೋಲಿಕೆಗೆ ಆರಿಸಿದ ಬೇಸಾಯಗಾರರೇನೂ ಶುದ್ಧ ಗಾಳಿ ಕುಡಿದು ಬೆಳೆದವರಲ್ಲ. ಅರಿಶಿನ ಕಿತ್ತು, ಬೇಯಿಸಿ, ಒಣಗಿಸಿ, ಡ್ರಮ್ಮಿನಲ್ಲಿ ಹಾಕಿ ಪಾಲಿಷ್ ಮಾಡುವಾಗ ಏಳುವ ಹಳದಿ ಧೂಳನ್ನು ಕಂಡವರಿಗೆ ಗೊತ್ತು. ಜನವರಿಯಿಂದ ಮಾರ್ಚಿನವರೆಗೆ ಈ ಕೆಲಸದ ಭರಾಟೆ. ಆ ತಿಂಗಳುಗಳಲ್ಲಿ ಅಧ್ಯಯನಕ್ಕೆ ಹೋದರೆ ಹಗಲು ಊರಿನಲ್ಲಿ ಯಾರೂ ಸಿಗುವುದಿಲ್ಲ, ಸಿಕ್ಕವರೂ ಧೂಳು ಕುಡಿದೇ ಬಂದಿರುತ್ತಾರೆ.

ಕ್ವಾರಿಗೆ ಮಾತ್ರ ಹೋಗಬೇಡಿ

ಕ್ವಾರಿಯ ಬಾಗಿಲಲ್ಲಿ ಕುಳಿತು ಪರೀಕ್ಷೆ ಮಾಡಿದರೆ ಎಲ್ಲರೂ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಏಕೆಂದರೆ ಉಸಿರು ಸೋತವರು ಆಗಲೇ ಕೆಲಸ ಬಿಟ್ಟು ಮನೆ ಸೇರಿರುತ್ತಾರೆ. ಜಗುಲಿಯ ಮೇಲೆ ಕುಳಿತು ‘ಕೆಮ್ಮು ಯಾರ್ಗಿಲ್ಲ ಬುಡವ್ವ, ದಿನ್ನೆ ಹತ್ತುವಾಗ ದಮ್ಮು ಕಟ್ತದ ಅಷ್ಟೆ’ ಎನ್ನುವಂಥ ಹಿರಿಯರೇ ಅಧ್ಯಯನಕ್ಕೆ ಮುಖ್ಯವಾದವರು. ಆದ್ದರಿಂದ ಪಟ್ಟಿಯನ್ನು ಮಾಲೀಕರ ಹಾಜರಿ ಪುಸ್ತಕದಿಂದಲ್ಲ, ಆಶಾ ಕಾರ್ಯಕರ್ತೆಯ ನೆರವಿನಿಂದ ಮನೆಮನೆ ತಿರುಗಿ ಮಾಡಬೇಕು. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆಯ ಮಡಹಳ್ಳಿಯಲ್ಲಿ ಕ್ವಾರಿ ಕುಸಿದದ್ದು ನಾಡಿಗೆಲ್ಲ ಸುದ್ದಿಯಾಯಿತು. ಜಗುಲಿಯ ಮೇಲಿನ ದಮ್ಮು ಯಾವ ಪತ್ರಿಕೆಗೂ ಸುದ್ದಿಯಲ್ಲ.

ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಒಬ್ಬರನ್ನೂ ಮಾತಾಡಿಸುವಂತಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಅದೂ ಓದಿ ಹೇಳಿದರೆ ಅಜ್ಜನಿಗೆ ತಿಳಿಯುವ ಕನ್ನಡದಲ್ಲಿ. ಒಲ್ಲೆ ಎನ್ನುವ ಹಕ್ಕು ಅವರಿಗಿದೆ. ಹೆಚ್ಚಿನವರ ಅಂಜಿಕೆ ಕಾಯಿಲೆಯದಲ್ಲ, ಕಾಯಿಲೆಯೆಂದು ಗೊತ್ತಾದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲವೇನೋ ಎಂಬುದು. ಆದ್ದರಿಂದ ಯಾರ ಫಲಿತಾಂಶವೂ ಮಾಲೀಕರಿಗಾಗಲೀ ಮೇಸ್ತ್ರಿಗಾಗಲೀ ಹೋಗುವುದಿಲ್ಲವೆಂದು ಅರ್ಜಿಯಲ್ಲೇ ಬರೆದು, ಹೆಸರಿನ ಬದಲು ಸಂಖ್ಯೆ ಬಳಸಬೇಕು. ನಿಮ್ಮ ಮನೆ ಬಾಗಿಲಿಗೇ ಯಾರಾದರೂ ಇಂಥ ಕಾಗದ ಹಿಡಿದು ಬಂದರೆ ‘ಇದು ಯಾರ್ಯಾರ ಕೈಗೆ ಹೋಗುತ್ತದೆ?’ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನು ಖರ್ಚಿನ ಪಟ್ಟಿ. ವಿದ್ಯಾರ್ಥಿಗಳು ಬಸ್ಸಿನ ಚಾರ್ಜು, ಜೆರಾಕ್ಸ್, ಸ್ಪೈರೋಮೀಟರಿನ ಊದುಕೊಳವೆಗಳನ್ನು ಬರೆದು ಮುಗಿಸುತ್ತಾರೆ. ಕ್ಷಕಿರಣ ಪರೀಕ್ಷೆಗೆಂದು ಆಸ್ಪತ್ರೆಗೆ ಬರುವವನ ಒಂದು ದಿನದ ಕೂಲಿ, ಬಂದುಹೋಗುವ ಖರ್ಚು ಅಲ್ಲಿರುವುದಿಲ್ಲ. ಅದನ್ನು ಬರೆಯದಿದ್ದರೆ ಆತ ಬರುವುದಿಲ್ಲ. ಊದುವ ಪರೀಕ್ಷೆಯಲ್ಲಿ ತೊಂದರೆ ಕಂಡವರನ್ನು ಯಾವ ವೈದ್ಯರು ಯಾವ ವಾರ ನೋಡುತ್ತಾರೆಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಧ್ಯಯನ ಮುಗಿದ ಮೇಲೆ ಇಂಗ್ಲಿಷಿನ ವರದಿ ಕಾಲೇಜಿಗೆ, ಮಂಡಳಿಗೆ ಹೋಗುತ್ತದೆ. ಅದೇ ವರದಿಯ ಒಂದು ಪುಟದ ಕನ್ನಡ ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಓದಿ ಹೇಳಲು ತಗಲುವ ಖರ್ಚು ಒಂದು ಸಂಜೆಯ ಜೀಪಿನ ಬಾಡಿಗೆ. ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಬಿಡಿ.