ನಾಲ್ಕು ಸುವಾರ್ತೆಗಳು ನಾಲ್ಕಾಗಿಯೇ ಇರಲಿ

ದೋಹಾದ ಹೊರವಲಯದ ಧಾರ್ಮಿಕ ಸಂಕೀರ್ಣದಲ್ಲಿ ಜಪಮಾಲೆ ಮಾತೆಯ ಕೆಥೊಲಿಕ್ ಚರ್ಚು 2008ರ ಮಾರ್ಚ್‌ನಲ್ಲಿ ತೆರೆಯಿತು. ಜಾಗ ಕೊಟ್ಟವರು ಅಂದಿನ ಅಮೀರ್ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ. ಹೊರಗೆ ಶಿಲುಬೆ ಕಾಣದು, ಗಂಟೆ ಕೇಳದು. ಒಳಗೆ ಶುಕ್ರವಾರದ ಪೂಜೆಗೆ ಕಾಲಿಡಲು ಜಾಗವಿರುವುದಿಲ್ಲ, ಆ ಜನರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಇದು ಕತಾರಿನ ಮೊದಲ ಚರ್ಚು ಎಂದು ಪತ್ರಿಕೆಗಳು ಬರೆದವು. ಆಧುನಿಕ ಕತಾರಿನ ಮಟ್ಟಿಗೆ ಆ ಮಾತು ಸರಿ. ಆದರೆ ಇಂದಿನ ಕತಾರನ್ನೂ ಸುತ್ತಣ ಅರಬ್ ಕರಾವಳಿಯನ್ನೂ ಸಿರಿಯಾಕ್ ಭಾಷೆಯ ಕ್ರೈಸ್ತರು ಒಂದು ಕಾಲಕ್ಕೆ ‘ಬೇತ್ ಕತ್ರಾಯೆ’ ಎಂದು ಕರೆಯುತ್ತಿದ್ದರು. 7ನೇ ಶತಮಾನದಲ್ಲಿ ಇಲ್ಲಿಂದ ಹೊರಟ ಇಸಾಕ್ ನಿನೆವೆಯ ಬಿಷಪ್ ಆಗಿ, ಐದೇ ತಿಂಗಳಲ್ಲಿ ಪದವಿ ಬಿಟ್ಟು ಏಕಾಂತಕ್ಕೆ ನಡೆದ. ದಾದೀಶೋ, ಗಬ್ರಿಯೇಲ್ ಮೊದಲಾದ ಲೇಖಕರೂ ಇದೇ ನೆಲದವರು. ಈ ಪರಂಪರೆಯ ಬಗ್ಗೆ ಕತಾರ್ ವಿಶ್ವವಿದ್ಯಾಲಯದ ವಿದ್ವಾಂಸರೂ ಸೇರಿ ಸಂಪಾದಿಸಿದ ಗ್ರಂಥ 2014ರಲ್ಲಿ ಬಂತು. 2024ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ಇಸಾಕನ ಹೆಸರನ್ನು ರೋಮನ್ ಸಂತರ ಪಟ್ಟಿಗೆ ಸೇರಿಸಿದರು.

ಇವರೆಲ್ಲ ಬೆಳೆದ ಸಿರಿಯಾಕ್ ಲೋಕದಲ್ಲಿ, ಯೇಸುವಿನ ಕಥೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆಗೆ ಆಗಲೇ ಹಳೆಯದೊಂದು ಜಗಳದ ಇತಿಹಾಸವಿತ್ತು. ಸುಮಾರು ಕ್ರಿ.ಶ. 170ರಲ್ಲಿ ತಾತಿಯಾನ್ ಎಂಬವನು ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರ ಬರಹಗಳನ್ನು ಕತ್ತರಿಸಿ ಜೋಡಿಸಿ ಒಂದೇ ಕಥೆ ಮಾಡಿದ. ಆ ಪುಸ್ತಕದ ಹೆಸರು ದಿಯಾತೆಸ್ಸರೋನ್. ಸಿರಿಯಾಕ್ ಚರ್ಚುಗಳಲ್ಲಿ ತಲೆಮಾರುಗಟ್ಟಲೆ ಓದಿದ್ದು ಇದನ್ನೇ. 373ರಲ್ಲಿ ತೀರಿಕೊಂಡ ಮಹಾಕವಿ ಎಫ್ರೇಮನ ಹೆಸರಿನಲ್ಲಿ ಉಳಿದಿರುವ ಸುವಾರ್ತಾ ವ್ಯಾಖ್ಯಾನವೂ ಇದಕ್ಕೇ ಬರೆದದ್ದು. 5ನೇ ಶತಮಾನದಲ್ಲಿ ಸಿರಿಯಾದ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತ್ಯದಿಂದ ಇದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಜಾಗದಲ್ಲಿ ಬಿಡಿಬಿಡಿಯಾದ ನಾಲ್ಕು ಸುವಾರ್ತೆಗಳನ್ನು ಇಡಿಸಿದ. ಇದರ ಹಿಂದೆ ಇದ್ದದ್ದು ಬರೀ ಪಾಠಪ್ರೇಮವಲ್ಲ; ತಾತಿಯಾನ್ ಪಾಷಂಡಿ ಎಂಬ ಗುಮಾನಿಯೂ ಇತ್ತು, ಯೇಸುವಿನ ವಂಶಾವಳಿಗಳನ್ನು ಕೈಬಿಟ್ಟಿದ್ದಾನೆಂಬ ಸಿಟ್ಟೂ ಇತ್ತು. ಕಾರಣ ಏನೇ ಇರಲಿ, ಫಲ ಒಳ್ಳೆಯದಾಯಿತು ಎಂಬುದೇ ನನ್ನ ವಾದ. ನಾಲ್ಕನ್ನು ಬೆರೆಸಿದ ಕೂಡಲೇ ನಾಲ್ವರೂ ಮೂಕರಾಗುತ್ತಾರೆ.

ಶುಭ ಶುಕ್ರವಾರ ಧ್ಯಾನಿಸುವ ‘ಶಿಲುಬೆಯ ಮೇಲಿನ ಏಳು ಮಾತು’ಗಳನ್ನೇ ನೋಡಿ. ಏಳನ್ನೂ ಹೇಳುವ ಸುವಾರ್ತೆ ಒಂದೂ ಇಲ್ಲ. ಮಾರ್ಕ ಮತ್ತು ಮತ್ತಾಯರಲ್ಲಿ ಇರುವುದು ಒಂದೇ ಮಾತು, ದೇವರೇ ಕೈಬಿಟ್ಟನೆಂಬ ಆರ್ತನಾದ. ಲೂಕನ ಮೂರು ಮಾತುಗಳಲ್ಲಿ ಆ ಆರ್ತನಾದವಿಲ್ಲ; ಅಲ್ಲಿ ಯೇಸು ಕೊಲ್ಲುವವರಿಗೆ ಕ್ಷಮೆ ಬೇಡುತ್ತಾನೆ, ಪಕ್ಕದ ಅಪರಾಧಿಗೆ ಭರವಸೆ ಕೊಡುತ್ತಾನೆ, ಪ್ರಾಣವನ್ನು ತಂದೆಗೆ ಒಪ್ಪಿಸುತ್ತಾನೆ. ಯೋಹಾನನ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿ, ಬಾಯಾರಿಕೆ ಹೇಳಿಕೊಂಡು, ಹಿಡಿದ ಕೆಲಸ ಮುಗಿಯಿತೆಂದು ತಲೆಬಾಗುತ್ತಾನೆ. ಏಳನ್ನೂ ಸಾಲಾಗಿ ಹೆಣೆದರೆ ಮಾರ್ಕ ತೋರಿಸಿದ ಒಂಟಿತನ ಕರಗಿಹೋಗುತ್ತದೆ, ಮರುಗಳಿಗೆಯಲ್ಲೇ ಸಮಾಧಾನ ಬಂದುಬಿಡುತ್ತದೆ. ದಿನದ ಲೆಕ್ಕ ಇನ್ನೂ ತೊಡಕಿನದು. ಮೊದಲ ಮೂವರಲ್ಲಿ ಕೊನೆಯ ಭೋಜನವೇ ಯೆಹೂದ್ಯರ ಪಸ್ಕ ಹಬ್ಬದ ಊಟ, ಮರಣ ಅದಾದ ಮೇಲೆ. ಯೋಹಾನನಲ್ಲಿ ಯೇಸು ಸಾಯುವ ಹೊತ್ತಿಗೆ ಪಸ್ಕದ ಊಟ ಇನ್ನೂ ಆಗಿಲ್ಲ. ಅದು ಕುರಿಮರಿಗಳನ್ನು ಕಡಿಯುವ ದಿನ. ಮೊದಲ ಅಧ್ಯಾಯದಲ್ಲೇ ಯೇಸುವನ್ನು ದೇವರ ಕುರಿಮರಿಯೆಂದು ಕರೆಸಿದ ಲೇಖಕನಿಗೆ ಆ ದಿನ ಬೇಕೇ ಬೇಕು. ಎರಡು ಲೆಕ್ಕಗಳನ್ನು ಬಲವಂತದಿಂದ ಕೂಡಿಸಿದರೆ ಇಬ್ಬರಲ್ಲಿ ಒಬ್ಬರ ಅರ್ಥ ಬಲಿಯಾಗುತ್ತದೆ. 16ನೇ ಶತಮಾನದಲ್ಲಿ ಜರ್ಮನಿಯ ಓಸಿಯಾಂಡರ್ ಒಂದು ವಿವರವನ್ನೂ ಬಿಡಲೊಲ್ಲದೆ ಜೋಡಿಸುತ್ತಾ ಹೋದದ್ದರಿಂದ, ಯೇಸು ಬದುಕಿಸಿದ ಯಾಯೀರನ ಮಗಳು ಒಂದಕ್ಕಿಂತ ಹೆಚ್ಚು ಬಾರಿ ಸತ್ತು ಬದುಕಬೇಕಾಯಿತು!

ಹೀಗೆ ಭಿನ್ನವಾಗಿದ್ದರೆ ಎಲ್ಲವೂ ಕಟ್ಟುಕಥೆಯಲ್ಲವೇ ಎಂದು ಸಂದೇಹವಾದಿ ಕೇಳುತ್ತಾನೆ. ಅಷ್ಟು ಅವಸರ ಬೇಡ. ಗಲಿಲಾಯದ ಯೇಸು, ರೋಮನ್ ಅಧಿಪತಿ ಪಿಲಾತನ ತೀರ್ಪು, ಶಿಲುಬೆಯ ಸಾವು, ಹಿಂಬಾಲಿಸಿದ ಹೆಂಗಸರು, ಇವುಗಳಲ್ಲಿ ನಾಲ್ವರೂ ಒಂದು. ಪಿಲಾತನ ಆಳ್ವಿಕೆಯಲ್ಲಾದ ಮರಣದಂಡನೆಯನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ದಾಖಲಿಸಿದ್ದಾನೆ. ಮಿಕ್ಕ ವ್ಯತ್ಯಾಸಗಳು ಲೇಖಕನ ಕೈಯನ್ನು ತೋರಿಸುವ ಸಾಕ್ಷ್ಯಗಳು. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ಸಾರ ಮತ್ತಾಯನಲ್ಲಿದೆ. ಮತ್ತಾಯ ಮಾರ್ಕನನ್ನು ಎದುರಿಗಿಟ್ಟುಕೊಂಡೇ ಬರೆದ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹುಟ್ಟೂರಿನಲ್ಲಿ ಯೇಸುವಿಗೆ ದೊಡ್ಡ ಅದ್ಭುತಗಳನ್ನು ಮಾಡಲು ಆಗಲಿಲ್ಲ ಎನ್ನುತ್ತಾನೆ ಮಾರ್ಕ. ಹೆಚ್ಚು ಮಾಡಲಿಲ್ಲ ಎನ್ನುತ್ತಾನೆ ಮತ್ತಾಯ. ಗೌರವದಿಂದ ಮಾಡಿದ ತಿದ್ದುಪಡಿ ಅದು. ಎರಡನ್ನೂ ಪಕ್ಕಪಕ್ಕ ಇಡದೆ ಅದು ಕಾಣುವುದಿಲ್ಲ.

ಕನ್ನಡಿಗನಿಗೆ ಈ ಓದು ಹೊಸದಲ್ಲ. ಪಂಪನಲ್ಲಿ ಅರ್ಜುನ ನಾಯಕ, ಕುಮಾರವ್ಯಾಸನದು ಕೃಷ್ಣಕಥೆ. ಎರಡನ್ನೂ ಬೆರೆಸಿ ಒಂದೇ ಭಾರತ ಮಾಡೋಣ ಎಂದು ಯಾರೂ ಹೊರಡುವುದಿಲ್ಲ. ಅವು ಕಾವ್ಯಗಳು, ಸುವಾರ್ತೆಗಳು ನಡೆದದ್ದನ್ನು ಹೇಳುತ್ತೇವೆನ್ನುವ ಬರಹಗಳು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತನಗಿಂತ ಮೊದಲು ಅನೇಕರು ಬರೆದಿದ್ದಾರೆ, ಎಲ್ಲವನ್ನೂ ವಿಚಾರಿಸಿ ತಾನು ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಲೂಕನೇ ಪೀಠಿಕೆಯಲ್ಲಿ ತಿಳಿಸುತ್ತಾನೆ. ಹೋಲಿಸಿ ನೋಡುವ ಕೆಲಸಕ್ಕೆ ಅವನದೇ ಒಪ್ಪಿಗೆ ಸಿಕ್ಕಂತಾಯಿತು.

ಕತಾರಿನಲ್ಲಿ ಬೇರೊಂದು ಪ್ರಶ್ನೆಯೂ ಪಕ್ಕದ ಮನೆಯಲ್ಲೇ ಇದೆ: ಕುರಾನು ಹೇಳುವುದು ಒಂದೇ ಇಂಜೀಲ್, ಹಾಗಾದರೆ ಈ ನಾಲ್ಕು ಎಲ್ಲಿಂದ ಬಂದವು? ಇಲ್ಲಿ ಎರಡು ಬಗೆಯ ಗ್ರಂಥಕಲ್ಪನೆಗಳಿವೆ. ಇಂಜೀಲ್ ಎಂದರೆ ಈಸಾಗೆ, ಅಂದರೆ ಯೇಸುವಿಗೆ, ದೇವರು ಕೊಟ್ಟ ಗ್ರಂಥ. ಸುವಾರ್ತೆ ಎಂದರೆ ಯೇಸುವಿನ ಬಗ್ಗೆ ಬೇರೆಯವರು ಬರೆದದ್ದು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು ಫಲವಿಲ್ಲ. ಸೂರಾ ಮರ್ಯಮ್‌ನಲ್ಲಿ ಖರ್ಜೂರದ ಮರದ ಬುಡದಲ್ಲಿ ಹೆರಿಗೆನೋವು ತಿನ್ನುವ ಒಂಟಿ ತಾಯಿಯ ಚಿತ್ರವಿದೆ. ಅದನ್ನು ಲೂಕನ ಗೋದಲಿಯ ಜೊತೆ ಕಲಸಬಾರದು, ಅದರ ಪಾಡಿಗೆ ಅದನ್ನು ಓದಬೇಕು.

ಬೆರೆಸಿದರೇ ಭಕ್ತಿಗೆ ಅನುಕೂಲ ಎಂಬ ವಾದ ಉಳಿಯಿತು. ಗೋದಲಿಯ ಗೊಂಬೆಗಳಲ್ಲಿ ಮತ್ತಾಯನ ಜೋಯಿಸರೂ ಲೂಕನ ಕುರುಬರೂ ಒಟ್ಟಿಗೆ ನಿಂತಿರುತ್ತಾರೆ, ಮಕ್ಕಳಿಗೆ ಅದರಿಂದ ಖುಷಿ, ತಕರಾರಿಲ್ಲ. ಆದರೆ ಪೂಜಾವಿಧಿಯೇ ಬೆರಕೆಯನ್ನು ಒಪ್ಪುವುದಿಲ್ಲ. 1969ರಲ್ಲಿ ರೂಪಿಸಿದ ಕೆಥೊಲಿಕ್ ವಾಚನಕ್ರಮದ ಪ್ರಕಾರ ಗರಿಗಳ ಭಾನುವಾರದ ಪಾಡಿನ ಕಥೆ ಒಂದು ವರ್ಷ ಮತ್ತಾಯನದು, ಮರುವರ್ಷ ಮಾರ್ಕನದು, ಮೂರನೇ ವರ್ಷ ಲೂಕನದು. ಶುಭ ಶುಕ್ರವಾರ ಪ್ರತಿವರ್ಷವೂ ಯೋಹಾನನದು. ದೋಹಾದಲ್ಲೂ ಮಂಗಳೂರಿನಲ್ಲೂ ಅದೇ ಕ್ರಮ. ಕೇಳುವವರು ಗಮನ ಕೊಟ್ಟರೆ ಒಂದೇ ವಾರದಲ್ಲಿ ಎರಡು ಬೇರೆ ಸಾವುಗಳು ಕಿವಿಗೆ ಬೀಳುತ್ತವೆ. ಮುಂದಿನ ಪವಿತ್ರ ವಾರದಲ್ಲಿ ನಾಲ್ಕರ ಕೊನೆಯ ಅಧ್ಯಾಯಗಳನ್ನು ಪಕ್ಕಪಕ್ಕ ತೆರೆದಿಟ್ಟು ಓದಿ ನೋಡಿ. ಮಾರ್ಕನಿಂದ ಶುರುಮಾಡಿ, 16ನೇ ಅಧ್ಯಾಯದ 8ನೇ ವಚನದಲ್ಲಿ ನಿಲ್ಲಿಸಿ: ಸಿನಾಯಿ ಮಠದಲ್ಲಿ 1892ರಲ್ಲಿ ಆಗ್ನೆಸ್ ಸ್ಮಿತ್ ಲೂಯಿಸ್ ಗುರುತಿಸಿದ ಪುರಾತನ ಸಿರಿಯಾಕ್ ಪ್ರತಿಯಲ್ಲಿ ಮಾರ್ಕನ ಸುವಾರ್ತೆ ಮುಗಿಯುವುದು ಅಲ್ಲಿಗೇ.