ಬರೆದವರೇ ಬಣ್ಣ ಹಚ್ಚಿದಾಗ: ಮಾಸ್ಟರ್ ಹಿರಣ್ಣಯ್ಯನವರ ರಂಗಜೀವನ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ನಾಟಕ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಊರಿನ ರೈತರೇ ಹಾರ್ಮೋನಿಯಂ ಮೇಷ್ಟ್ರ ಬಳಿ ಪಾಠ ಕಲಿತು, ಸೀನರಿ, ಡ್ರೆಸ್ಸುಗಳನ್ನು ಬಾಡಿಗೆಗೆ ತರಿಸಿ, ಬೆಳಗಾಗುವವರೆಗೆ 'ಕುರುಕ್ಷೇತ್ರ' ಆಡುವುದನ್ನು ನೀವು ನೋಡಿರಬಹುದು. ನಿಮ್ಮ ಮಾವನೋ ಚಿಕ್ಕಪ್ಪನೋ ದುರ್ಯೋಧನನಾಗಿ ನಿಂತದ್ದೂ ಉಂಟು. ಇಲ್ಲಿ ಪಾತ್ರಧಾರಿ ತನ್ನ ಕೈಯಿಂದಲೇ ಹಣ ಹಾಕಿ ಪಾತ್ರ ಪಡೆಯುತ್ತಾನೆ. ಮಾತು, ಹಾಡು ಎಲ್ಲವೂ ಮೊದಲೇ ಗೊತ್ತಾದವು. ಒಂದು ಕಂದ ತಪ್ಪಿದರೂ ಮುಂದೆ ಕುಳಿತ ಹಿರಿಯರು ಹಿಡಿದುಬಿಡುತ್ತಾರೆ.

ಇದಕ್ಕೆ ತೀರ ಬೇರೆಯಾದ ದಾರಿ ಕಂಪನಿ ನಾಟಕದ್ದು. ಅಲ್ಲಿ ನಟನಿಗೆ ನಾಟಕವೇ ಹೊಟ್ಟೆಪಾಡು. ಊರೂರಿನಲ್ಲಿ ಕ್ಯಾಂಪು ಹಾಕಬೇಕು, ಟಿಕೆಟ್ ಮಾರಾಟವಾಗಬೇಕು, ಹತ್ತಾರು ಕಲಾವಿದರ ಸಂಬಳ ಆ ಗಲ್ಲಾಪೆಟ್ಟಿಗೆಯಿಂದಲೇ ಬರಬೇಕು. ಇಂಥ ಕಂಪನಿಯಲ್ಲಿ ಮಾಲೀಕ, ನಾಟಕಕಾರ, ಮುಖ್ಯ ನಟ ಮೂವರೂ ಒಬ್ಬರೇ ಆಗಿದ್ದರೆ ಏನಾಗುತ್ತದೆ? ಮಾಸ್ಟರ್ ಹಿರಣ್ಣಯ್ಯನವರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ.

ತಂದೆಯಿಂದ ಬಂದ ವಿದ್ಯೆ

ಹಿರಣ್ಣಯ್ಯನವರು ಹುಟ್ಟಿದ್ದು 1934ರ ಫೆಬ್ರವರಿ 15ರಂದು, ಮೈಸೂರಿನಲ್ಲಿ. ಹೆತ್ತವರು ಇಟ್ಟ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ಹೆಸರಾಂತ ಹಾಸ್ಯನಟರು, ನಾಟಕಕಾರರು. 1943ರ 'ವಾಣಿ' ಚಲನಚಿತ್ರದ ನಿರ್ದೇಶಕರು. ಅವರು ಕಟ್ಟಿದ ಸಂಸ್ಥೆ ಮಿತ್ರ ಮಂಡಳಿ. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 19 ವರ್ಷ. ನಿಮ್ಮಲ್ಲಿ ಹಲವರು ಪದವಿ ತರಗತಿಯಲ್ಲಿರುವ ವಯಸ್ಸು ಅದು. ಆ ವಯಸ್ಸಿನಲ್ಲಿ ತಂದೆಯ ಹೆಸರು, ಕಂಪನಿ, ಅದರ ಜವಾಬ್ದಾರಿ ಎಲ್ಲವೂ ಅವರ ಹೆಗಲಿಗೆ ಬಂದವು. ತಂದೆಯ 'ಮಕ್ಮಲ್ ಟೋಪಿ', 'ದೇವದಾಸಿ'ಗಳನ್ನು ಆಡುತ್ತಲೇ ಅವರು ತಮ್ಮದೇ ಆದ ನಾಟಕಗಳನ್ನೂ ರಂಗಕ್ಕೆ ತಂದರು. 'ಲಂಚಾವತಾರ', 'ನಡುಬೀದಿ ನಾರಾಯಣ', 'ಭ್ರಷ್ಟಾಚಾರ' ಅವುಗಳಲ್ಲಿ ಮುಖ್ಯವಾದವು.

ಹೆಸರಿನಲ್ಲೇ ಇರುವ ಕೀಲಿ

'ಲಂಚಾವತಾರ' ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು. ಇದರ ಯಶಸ್ಸಿನ ಕಾರಣವನ್ನು ಹೆಸರಿನಿಂದಲೇ ಊಹಿಸಬಹುದು. ಅವತಾರ ಎಂದರೆ ನಮ್ಮ ಜನಕ್ಕೆ ದಶಾವತಾರ ನೆನಪಾಗುತ್ತದೆ, ಪೌರಾಣಿಕ ನಾಟಕ ನೆನಪಾಗುತ್ತದೆ. ಆ ಪರಿಚಿತ ಪದಕ್ಕೆ 'ಲಂಚ' ಸೇರಿದೊಡನೆ ನಗು ಬರುತ್ತದೆ. ಆದರೆ ನಗುವ ಪ್ರೇಕ್ಷಕರಲ್ಲಿ ಪಹಣಿಗಾಗಿ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರೂ ಇರುತ್ತಾರೆ. ತಮ್ಮ ಸಂಕಟವನ್ನೇ ರಂಗದ ಮೇಲೆ ಕಂಡಾಗ ಆ ನಗುವಿಗೆ ಬೇರೆಯೇ ಅರ್ಥ ಬರುತ್ತದೆ.

ಇನ್ನೊಂದು ಕಾರಣ ಅವರ ಆಶುಮಾತು. ನಾಟಕದ ಕಥೆ ಹಳೆಯದೇ. ಆದರೆ ಆ ದಿನದ ರಾಜಕೀಯ ಸುದ್ದಿ ಆ ರಾತ್ರಿಯ ಸಂಭಾಷಣೆಯಲ್ಲಿ ಇಣುಕುತ್ತಿತ್ತು. ಬೇರೆಯವರ ನಾಟಕ ಆಡುವ ನಟನಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ನಟನ ಮಾತನ್ನು ನೆಚ್ಚಿ ಸಂಬಳ ಎಣಿಸುವ ಮಾಲೀಕನೂ ಇದಕ್ಕೆ ಸುಲಭವಾಗಿ ಒಪ್ಪಲಾರ. ಹಿರಣ್ಣಯ್ಯನವರಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಾಗೆಯೇ, ಆಡಿದ ಮಾತಿಗೆ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವಂತೆಯೂ ಇರಲಿಲ್ಲ. ಅಧಿಕಾರದಲ್ಲಿದ್ದವರನ್ನು ಟೀಕಿಸಿದ್ದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು.

ನಾಟಕಕ್ಕೇಕೆ ಅಂಜಿಕೆ?

ಆಳುವವರು ನಾಟಕಕ್ಕೆ ಅಂಜುವುದು ಹೊಸದಲ್ಲ. ನಾಟಕಗಳನ್ನು ನಿಷೇಧಿಸುವ ಅಧಿಕಾರ ಪಡೆಯಲು ಬ್ರಿಟಿಷ್ ಸರ್ಕಾರ 1876ರಲ್ಲೇ ಒಂದು ಕಾಯಿದೆ ತಂದಿತ್ತು. ಆ ಕೇಂದ್ರ ಕಾಯಿದೆ ರದ್ದಾದದ್ದು 2018ರಲ್ಲಿ. ಫ್ರಾನ್ಸಿನ ಮೋಲಿಯೇರ್ (1622–1673) ಕೂಡ ಹಿರಣ್ಣಯ್ಯನವರಂತೆ ತಾನೇ ಬರೆದು, ತಾನೇ ನಟಿಸಿ, ತಂಡವನ್ನೂ ನಡೆಸಿದವನು. ಕಪಟ ಭಕ್ತನನ್ನು ಗೇಲಿ ಮಾಡುವ ಅವನ 'ತಾರ್ತೂಫ್' 1664ರಲ್ಲಿ ನಿಷೇಧಕ್ಕೆ ಒಳಗಾಯಿತು. ಸಾರ್ವಜನಿಕವಾಗಿ ಆಡಲು ಪೂರ್ಣ ಅನುಮತಿ ಸಿಕ್ಕಿದ್ದು 1669ರಲ್ಲಿ. ಆ ನಾಟಕವನ್ನು 'ಆಷಾಢಭೂತಿ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಅಳವಡಿಸಿದವರು ಎ. ಎನ್. ಮೂರ್ತಿರಾಯರು (1900–2003). ಅವರು ನಿಮ್ಮ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನವರೆಂಬುದು ಹೆಮ್ಮೆಯ ಸಂಗತಿ.

ಪುಸ್ತಕವನ್ನು ಓದುವವನು ಒಬ್ಬನೇ ಕುಳಿತು ಓದುತ್ತಾನೆ. ನಾಟಕದಲ್ಲಿ ಸಾವಿರ ಜನ ಒಟ್ಟಿಗೆ ನಗುತ್ತಾರೆ. 'ನನಗೊಬ್ಬನಿಗೇ ಹೀಗಾಯಿತು' ಎಂದುಕೊಂಡಿದ್ದವನಿಗೆ ಪಕ್ಕದವನ ನಗು 'ನಿನಗೊಬ್ಬನಿಗಲ್ಲ' ಎಂದು ಹೇಳುತ್ತದೆ. ಆಳುವವರ ಅಂಜಿಕೆಗೆ ಕಾರಣ ಇದೇ.

ಉಳಿದ ಪ್ರಶ್ನೆ

ಹಿರಣ್ಣಯ್ಯನವರ ನಾಟಕಗಳ ಮೇಲೆ ಆಕ್ಷೇಪಗಳೂ ಇದ್ದವು. ಕಥೆ ನಿಂತು ಭಾಷಣವೇ ಮುಂದಾಗುತ್ತದೆ ಎಂಬುದು ಅವುಗಳಲ್ಲೊಂದು. ಅದರಲ್ಲಿ ಹುರುಳಿಲ್ಲದಿಲ್ಲ. ಅಂದಂದಿನ ಸುದ್ದಿಗೆ ಕಟ್ಟಿದ ಮಾತು ಅಂದೇ ಹೊಳೆದು ಅಂದೇ ಮಾಸುತ್ತದೆ. ಅಚ್ಚಿನಲ್ಲಿ ಓದಿದರೆ ಆ ರಾತ್ರಿಯ ಬಿಸಿ ಸಿಗಲಾರದು. 2019ರ ಮೇ 2ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ ಆ ಮಾತಿನ ವರಸೆಯೂ ಬಹುಮಟ್ಟಿಗೆ ಅವರೊಂದಿಗೇ ಹೋಯಿತು.

ಹತ್ತು ಸಾವಿರ ಪ್ರದರ್ಶನಗಳಾದ ಮೇಲೂ ಲಂಚ ನಿಂತಿಲ್ಲ. ಹಾಗಾದರೆ ಆ ನಾಟಕ ವ್ಯರ್ಥವಾಯಿತೇ? ನಾಟಕದಿಂದ ಕಾನೂನು ಜಾರಿಯಾಗುವುದಿಲ್ಲ. 'ಇದು ಮಾಮೂಲು' ಎಂದು ಒಪ್ಪಿಕೊಳ್ಳುವ ಮನಸ್ಸಿಗೆ ಅದು ಸ್ವಲ್ಪ ನಾಚಿಕೆ ಹುಟ್ಟಿಸಬಲ್ಲದು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಆ ನಾಚಿಕೆ ಬೇಕು.

ನೀವೇ ಯೋಚಿಸಿ:

1. ನಿಮ್ಮ ಕಾಲೇಜು ವಾರ್ಷಿಕೋತ್ಸವಕ್ಕೆ ಅರ್ಧ ಗಂಟೆಯ ನಾಟಕ ಬರೆಯುವುದಾದರೆ, ನಿಮ್ಮೂರಿನ ಯಾವ ಸಂಗತಿಯನ್ನು ಆರಿಸಿಕೊಳ್ಳುತ್ತೀರಿ?

2. ಅದರಲ್ಲಿ ಪ್ರೇಕ್ಷಕರು ನಗುವುದು ಯಾರನ್ನು ನೋಡಿ? ನೊಂದವನನ್ನೋ, ನೋಯಿಸಿದವನನ್ನೋ?

3. ಆ ಮಾತನ್ನು ನೀವೇ ಬಣ್ಣ ಹಚ್ಚಿ, ನಿಮ್ಮೂರಿನವರ ಎದುರು ನಿಂತು ಹೇಳಲು ಸಿದ್ಧರಿದ್ದೀರಾ?