ಪೇಟೆಯ ಅಡಿಯ ದಾರಿ

ನೆಲವನ್ನು ತೋಡುವುದೆಂದರೆ ನಮ್ಮ ಮಾಡದಕೆರೆಯ ಕಡೆಯವರಿಗೆ ಬಾವಿ, ಇಲ್ಲವೆ ರಾಗಿ ತುಂಬಿಡುವ ಹಗೇವು. ಮನುಷ್ಯನು ಓಡಾಡಲೆಂದು ನೆಲದಡಿಯಲ್ಲಿ ದಾರಿ ಮಾಡುವುದೇನಿದ್ದರೂ ಕಥೆಯ ಸಂಗತಿ. ಅರಸನು ಕೋಟೆಯಿಂದ ತಪ್ಪಿಸಿಕೊಂಡು ಹೋದ ಸುರಂಗದ ಕಥೆ ದುರ್ಗದ ಸೀಮೆಯಲ್ಲಿ ಯಾರಿಗೆ ತಿಳಿಯದು? ‘ಸುರಂಗ’ವೆಂಬ ಮಾತು ಗ್ರೀಕರ ‘ಸಿರಿಂಕ್ಸ್’ನಿಂದ ಸಂಸ್ಕೃತಕ್ಕೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಇಳಿಯಿತೆಂದು ವಿದ್ವಾಂಸರು ಹೇಳುತ್ತಾರೆ. ಗ್ರೀಕರಲ್ಲಿ ಆ ಮಾತಿಗೆ ಕೊಳಲೆಂಬ ಅರ್ಥವೂ ಉಂಟು. ಬೆಂಗಳೂರಿನ ನೆಲದಡಿಯ ರೈಲುದಾರಿಯನ್ನು ನೋಡಿದ ಮೇಲೆ ನನಗೆ ಈ ಅರ್ಥವೇ ಹೆಚ್ಚು ಹಿಡಿಸಿದೆ. ಕೊಳಲಿನಲ್ಲಿ ಉಸಿರು ಹರಿದಂತೆ ಅಲ್ಲಿ ಜನ ಹರಿಯುತ್ತಾರೆ.

ಹೊಸದುರ್ಗ ರೋಡಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳನ್ನು ಹೊಕ್ಕು ಬರುವುದು ನನ್ನ ಬಹುಕಾಲದ ಚಾಳಿ. ರೈಲು ನಿಲ್ದಾಣದಿಂದ ಅಲ್ಲಿಗೆ ದೂರವೆಷ್ಟು ಮಹಾ! ಆದರೂ ಆಟೋರಿಕ್ಷಾದಲ್ಲಿ ಕುಳಿತವನಿಗಿಂತ ಮೂಟೆ ಹೊತ್ತ ಹಮಾಲನೇ ಅಲ್ಲಿ ಮುಂದಾಗಿ ಹೋಗುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದೇನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಅದು. ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಅದನ್ನು ಅಡ್ಡಹಾಯುವುದು ಚಿಕ್ಕಪೇಟೆ. ಸುತ್ತ ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆ, ಕುಂಬಾರಪೇಟೆ. ಎತ್ತಿನ ಗಾಡಿಯ ಅಳತೆಗೆ ಹುಟ್ಟಿದ ಬೀದಿಗಳಲ್ಲಿ ಮೋಟಾರು ಹರಿಯಬೇಕಾದರೆ ಇಕ್ಕೆಲದ ಅಂಗಡಿಗಳನ್ನು ಕೆಡವಬೇಕು. 2009ರ ಸುಮಾರಿಗೆ ಅವೆನ್ಯೂ ರಸ್ತೆಯನ್ನು ಅಗಲಗೊಳಿಸುವ ಮಾತೆದ್ದಾಗ ವ್ಯಾಪಾರಿಗಳು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಮಾರುವವನನ್ನೇ ಎಬ್ಬಿಸಿದ ಮೇಲೆ ಕೊಳ್ಳುವವನಿಗೆ ದಾರಿ ಮಾಡಿಕೊಟ್ಟು ಫಲವೇನು?

ಈ ಬಿಕ್ಕಟ್ಟಿಗೆ ಲಂಡನ್ ನಗರ 1863ರಲ್ಲಿಯೇ ಉತ್ತರ ಕಂಡುಕೊಂಡಿತ್ತು; ನಮ್ಮ ದೇಶದಲ್ಲಿ ಕಲ್ಕತ್ತೆ 1984ರಲ್ಲಿ. ಬೆಂಗಳೂರಿನ ಮೆಟ್ರೋ ರೈಲು 2011ರ ಅಕ್ಟೋಬರಿನಲ್ಲಿ ಓಡತೊಡಗಿದಾಗ ಬೈಯಪ್ಪನಹಳ್ಳಿಯಿಂದ ಹೊರಟು ಮಹಾತ್ಮಾ ಗಾಂಧಿ ರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅದು ಕಂಬಗಳ ಮೇಲಿನ ದಾರಿ. ಆ ರಸ್ತೆಯ ಹಸಿರು ಸಾಲುದಾರಿ ಅದಕ್ಕೆ ಬಲಿಯಾಯಿತು. ಊರಿನ ಎದೆಯನ್ನು ಮುಟ್ಟಲು ರೈಲು ನೆಲದೊಳಕ್ಕೆ ಇಳಿಯಲೇಬೇಕಾಯಿತು. ಕಬ್ಬನ್ ಉದ್ಯಾನ, ವಿಧಾನಸೌಧ, ಸೆಂಟ್ರಲ್ ಕಾಲೇಜುಗಳ ಅಡಿಯಿಂದ ಮೆಜೆಸ್ಟಿಕ್ಕಿಗೂ ರೈಲು ನಿಲ್ದಾಣಕ್ಕೂ ಹೋಗುವ ಸುರಂಗ 2016ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳ ಅಡಿಯದು 2017ರ ಜೂನಿನಲ್ಲಿ.

ಬರೆಯುವಷ್ಟು ಸುಲಭವಾಗಿ ಅದು ತೆರೆಯಲಿಲ್ಲ. ಬೆಂಗಳೂರಿನ ನೆಲ ಒಂದೇ ಹದದ್ದಲ್ಲ. ಒಂದೆಡೆ ಕೊಳೆತ ಕಲ್ಲಿನ ಸಡಿಲ ಮಣ್ಣು, ಮರುಮಾರಿಗೆ ಲಾಲ್‌ಬಾಗಿನ ಗುಡ್ಡದಂಥ, ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ. ಕೊರೆಯುವ ಯಂತ್ರಗಳಿಗೆ ನಮ್ಮವರು ಇಟ್ಟ ಹೆಸರುಗಳಾದರೋ ಗೋದಾವರಿ, ಕೃಷ್ಣಾ, ಕಾವೇರಿ! ಆದರೆ ಪೇಟೆಯ ಅಡಿಯ ಬಂಡೆಗೆ ಸಿಕ್ಕಿ ಹಲ್ಲು ಮುರಿದುಕೊಂಡ ಗೋದಾವರಿ ತಿಂಗಳುಗಟ್ಟಲೆ ಕದಲದೆ ನಿಂತು, 2016ರ ಏಪ್ರಿಲಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಹೊರಬಂದಿತು. 2012ರಲ್ಲಿ ಮಾರುಕಟ್ಟೆಯ ಬಳಿ ಅಗೆಯುವಾಗ ಹಳೆಯ ಕಬ್ಬಿಣದ ಫಿರಂಗಿಗಳು ದೊರೆತುವು. ಪಕ್ಕದಲ್ಲಿಯೇ ಬೆಂಗಳೂರಿನ ಕೋಟೆ ಇರುವುದರಿಂದ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಈಗ ರೈಲು ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಮರುನಿಲ್ದಾಣವಾದ ಚಿಕ್ಕಪೇಟೆಯಲ್ಲಿ ಮೇಲಕ್ಕೆ ಬಂದರೆ ಬೀದಿ ಇದ್ದಂತೆಯೇ ಇದೆ: ಅದೇ ಕಿರಿದು, ಅದೇ ಗಲಿಬಿಲಿ, ಅದೇ ಸೀರೆಯ ಅಂಗಡಿಗಳು. ವೆಚ್ಚ ಹೆಚ್ಚೆಂದು ಸುರಂಗವನ್ನು ಹಳಿಯುವವರನ್ನು ಅಲ್ಲಿ ಒಂದು ಗಳಿಗೆ ನಿಲ್ಲಿಸಬೇಕೆನಿಸುತ್ತದೆ.

ನನ್ನ ಕೊರಗು ಬೇರೊಂದಿದೆ. ಮೇಲೆ ಬೀದಿ ಉಳಿಯಿತು, ನಿಜ. ಆದರೆ ಕೆಳಗೆ ಹಾಯುವವನಿಗೆ ತಾನು ಏನನ್ನು ಹಾಯುತ್ತಿದ್ದೇನೆಂಬುದೇ ತಿಳಿಯದು. ಮೆಜೆಸ್ಟಿಕ್ ಎಂದು ಜನ ಕರೆಯುವ ಈ ಎಡೆ ಹಿಂದೆ ಧರ್ಮಾಂಬುಧಿ ಕೆರೆಯ ಪಾತ್ರ. ಪೇಟೆಗೆ ನೀರುಣಿಸಿದ ಕೆರೆ ಅದು. ಹೆಸರು ಉಳಿದದ್ದು ಚಿತ್ರಮಂದಿರದ್ದು. ಊರ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತುಬಂದ ನನ್ನಂಥವನಿಗೆ ಇದು ಚುಚ್ಚುತ್ತದೆ. ನಿಲ್ದಾಣದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಆ ಕೆರೆಯ ಹೆಸರನ್ನೂ ಎಲ್ಲೆಯನ್ನೂ ಕನ್ನಡದಲ್ಲಿ ಬರೆಸಲು ಹೆಚ್ಚು ಹಣ ಬೇಕಾಗದು. ಮೇಲಕ್ಕೆ ಹತ್ತಿ ಬಂದರೆ ಬಸ್ ನಿಲ್ದಾಣದ ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬುದೊಂದು ಇಂದಿಗೂ ಉಂಟು. ಏರಿಯ ಹೆಸರು ಇಂಗ್ಲಿಷಿನಲ್ಲಿ ಉಳಿದಿದೆ.